ಭಾನುವಾರ ಕೆಡದ ಡಿಶ್

“ಪುಟ್ಟಿ, ಎದ್ದೇಳು. ಮತ್ತೆ ಹೋಯ್ತು.”

ಇನ್ಸ್‌ಪೆಕ್ಟರ್ ಕಣ್ಣು ಬಿಟ್ಟಳು. ಅರೆನಿದ್ದೆಯಲ್ಲಿ ಅವಳು ಎಲ್ಲೋ ನೀಲಿ ನೀರಿನ ದಡದಲ್ಲಿ ಕೂತಿದ್ದಳು. ಕಣ್ಣು ಬಿಟ್ಟ ಮೇಲೂ ಆ ನೀಲಿ ಹೋಗಲಿಲ್ಲ. ಎದುರಿನ ಟಿವಿಯ ತುಂಬ ಅದೇ ಬಣ್ಣ. ನಡುವೆ ಬಿಳಿ ಅಕ್ಷರದಲ್ಲಿ ‘ಸಿಗ್ನಲ್ ಇಲ್ಲ’ ಎಂದು ಬರೆದಿತ್ತು.

ಠಾಣೆಯಲ್ಲಿ ಇವಳು ಒಳಗೆ ಬಂದರೆ ಪೇದೆಗಳಷ್ಟೇ ಅಲ್ಲ, ಕಳ್ಳರೂ ಎದ್ದು ನಿಲ್ಲುತ್ತಾರೆ. ಅಕ್ಕನ ಮನೆಯಲ್ಲಿ ಮಾತ್ರ ಬರೀ ಪುಟ್ಟಿ. ಜ್ವರ ಬಂದು, ಬಿಟ್ಟು, ಮತ್ತೆ ಬಂದು, ಕೊನೆಗೆ ಡಾಕ್ಟರು ರಜೆ ಬರೆದುಕೊಟ್ಟ ಮೇಲೆ ಅಕ್ಕ ಅವಳನ್ನು ಎಳೆದುಕೊಂಡು ಬಂದು ಹಾಲಿನ ದಿವಾನದ ಮೇಲೆ ಮಲಗಿಸಿದ್ದಳು. ಮಧ್ಯಾಹ್ನವಾದರೆ ಕರ್ಟನ್ ಸಂದಿಯಿಂದ ಬಿಸಿಲು ಇಳಿದು ನೆಲದ ಮೇಲೆ ಮೆಲ್ಲಗೆ ಸರಿಯುತ್ತದೆ. ಒಳಕೋಣೆಯಿಂದ ಅಕ್ಕನ ಹೊಲಿಗೆ ಯಂತ್ರದ ಸದ್ದು ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಅವಳು ನಿದ್ದೆಗೂ ಎಚ್ಚರಕ್ಕೂ ನಡುವೆ ತೇಲುತ್ತಿರುತ್ತಾಳೆ. ಕಳ್ಳರು ಈಗ ಅವಳನ್ನು ನೋಡಿದರೆ ಪಾಪ ಎನ್ನುತ್ತಿದ್ದರು.

“ಧಾರಾವಾಹಿ ಶುರುವಾಗೋ ಹೊತ್ತಿಗೆ ಸರಿಯಾಗಿ ಹೋಗುತ್ತೆ,” ಅಕ್ಕ ಅಂದಳು. “ಮುಗೀತಿದ್ದ ಹಾಗೆ ಬರುತ್ತೆ. ಸುಮಾರು ದಿನ ಆಯ್ತು, ಒಂದು ಕಂತೂ ರೆಕಾರ್ಡ್ ಆಗಿಲ್ಲ.”

“ಡಿಶ್ ರಿಪೇರಿಯವರನ್ನ ಕರೀಲಿಲ್ವಾ?”

“ಕರೆದೆ. ಅವರು ಬಂದಾಗೆಲ್ಲ ಸಿಗ್ನಲ್ ಒಳ್ಳೇ ಹುಡುಗನ ಹಾಗೆ ಕೈಕಟ್ಟಿ ನಿಂತಿರುತ್ತೆ. ಡಿಶ್ ಸರಿ ಇದೆ, ಕೇಬಲ್ ಸರಿ ಇದೆ, ಯಾರೋ ಬೇಕಂತಲೇ ಮಾಡ್ತಿರಬೇಕು ಅಂದ್ರು. ಯಾರು ಅಂತ ನಂಗೊತ್ತಿಲ್ವಾ?”

ಅಕ್ಕ ಬೆರಳು ಮೇಲೆ ತೋರಿಸಿದಳು. ಮೇಲಿನ ಮನೆಯಲ್ಲಿ ಬಾಡಿಗೆಗೆ ಇರುವವಳು ಒಬ್ಬ ನರ್ಸ್. ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೆಲಸ, ಹಗಲೆಲ್ಲ ನಿದ್ದೆ.

“ಹಿಂದೊಂದು ಸಲ ಟಿವಿ ಸದ್ದು ಕಮ್ಮಿ ಮಾಡಿ ಅಂತ ಇಳಿದು ಬಂದಿದ್ಳು. ಈಗ ಸದ್ದು ಬರೋ ದಾರೀನೇ ಮುಚ್ಚಿದಾಳೆ. ಅವಳ ಬಟ್ಟೆ ಹಗ್ಗ ಕಟ್ಟಿರೋದು ಎಲ್ಲಿಗೆ ಗೊತ್ತಾ? ಡಿಶ್ ಕಂಬಕ್ಕೆ. ಇನ್ನೇನು ಸಾಕ್ಷಿ ಬೇಕು ನಿಂಗೆ? ನಾಳೆ ಸಂಜೆ ಮನೆ ಖಾಲಿ ಮಾಡಿ ಅಂತ ಹೇಳಿಬಿಡ್ತೀನಿ.”

ಇನ್ಸ್‌ಪೆಕ್ಟರ್ ಎದ್ದು ಕೂತಳು. ಹಗಲು ಮಲಗುವವರಿಗೆ ಮನೆ ಸಿಗುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತು. ರಾತ್ರಿ ಪಾಳಿಯ ಪೇದೆಗಳು ಮನೆ ಹುಡುಕಿ ಅಲೆಯುವುದನ್ನು ನೋಡಿದ್ದಾಳೆ. ಒಂದು ಧಾರಾವಾಹಿಗಾಗಿ ಒಬ್ಬಳ ನಿದ್ದೆ, ಕೆಲಸ, ಸೂರು ಎಲ್ಲ ಹೋಗುವುದು ಅವಳಿಗೆ ಸರಿ ಕಾಣಲಿಲ್ಲ. ಅಕ್ಕ ಅಂಥವಳೂ ಅಲ್ಲ. ಅಕ್ಕನಿಗೆ ಏನೋ ಆಗಿತ್ತು.

“ನಾಳೆ ಸಂಜೆವರೆಗೂ ಬಾಯಿ ಬಿಡಬೇಡ. ನಾನು ನೋಡ್ತೀನಿ.”

“ಜ್ವರ ಇಟ್ಕೊಂಡು?”

“ಜ್ವರ ಬಂದಿರೋದು ಮೈಗೆ ಅಕ್ಕಾ. ತಲೆಗಲ್ಲ.”

* * *

ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ತಾರಸಿಯ ಬಾಗಿಲು ತೆರೆದಾಗ ಬೆಳಕು ಒಮ್ಮೆಗೇ ಮೈಮೇಲೆ ಬಂತು. ಆಕಾಶ ಖಾಲಿ. ಮೋಡದ ಚೂರೂ ಇಲ್ಲ. ಆ ಖಾಲಿಯ ಕಡೆ ಮುಖ ಮಾಡಿ ಡಿಶ್ ಸುಮ್ಮನೆ ನಿಂತಿತ್ತು, ದೂರದ ಮಾತಿಗೆ ಕಿವಿಗೊಟ್ಟ ಮುದುಕನ ಹಾಗೆ. ಅದನ್ನು ನೋಡುತ್ತ ಇನ್ಸ್‌ಪೆಕ್ಟರ್‌ಗೆ ತಾನು ಬಂದ ಕೆಲಸವೇ ಸ್ವಲ್ಪ ಹೊತ್ತು ಮರೆತುಹೋಯಿತು. ಅಷ್ಟು ಎತ್ತರದಿಂದ ಏನೇನೋ ಇಳಿದು ಬಂದು ಈ ಬಟ್ಟಲಲ್ಲಿ ಬೀಳುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಆಮೇಲೆ ಕೆಲಸಕ್ಕೆ ಬಂದಳು. ಡಿಶ್ ಕೂರಿಸಿದ ನಟ್ಟುಗಳ ಮೇಲೆ ಹಳೇ ಬಣ್ಣ ಹಾಗೇ ಇತ್ತು. ಬಿರುಕು ಕೂಡ ಬಿಟ್ಟಿರಲಿಲ್ಲ. ಅಂದರೆ ಡಿಶ್ಶನ್ನು ಯಾರೂ ತಿರುಗಿಸಿಲ್ಲ. ಕೇಬಲ್ಲಿನ ತುದಿಗೆ ಸುತ್ತಿದ ಕಪ್ಪು ಟೇಪಿನ ಮೇಲೆ ದಪ್ಪ ಧೂಳು. ಅಲ್ಲೂ ಯಾರೂ ಕೈ ಹಾಕಿಲ್ಲ. ಪಕ್ಕದ ಕಾಂಪೌಂಡಿನ ಮರ ಹೊಸ ಚಿಗುರು ಬಿಟ್ಟು ಇತ್ತ ಬಾಗಿತ್ತು. ಆದರೆ ಡಿಶ್ಶಿನ ಮುಖ ಅದರ ವಿರುದ್ಧ ದಿಕ್ಕಿಗೆ. ಹಗ್ಗ ಕಂಬದ ಬುಡಕ್ಕೆ ಕಟ್ಟಿತ್ತು. ಅದರ ಮೇಲಿನ ಬೆಡ್‌ಶೀಟು ಗಾಳಿಗೆ ಎಷ್ಟೇ ಹಾರಿದರೂ ಡಿಶ್ಶಿನ ತುಟಿ ಮುಟ್ಟುವಂತಿರಲಿಲ್ಲ.

“ನಾನೇ ಕೆಡಿಸ್ತಿದೀನಿ ಅಂತ ನಿಮ್ಮಕ್ಕ ಅಂದ್ಕೊಂಡಿದಾರಲ್ವಾ?”

ನರ್ಸ್ ಬಾಗಿಲಲ್ಲಿ ನಿಂತಿದ್ದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು.

“ಯಾರು ಹೇಳಿದ್ರು?”

“ಯಾರೂ ಇಲ್ಲ. ಮೊದಲೆಲ್ಲ ಮೆಟ್ಟಿಲಲ್ಲಿ ಸಿಕ್ಕರೆ ಊಟ ಆಯ್ತಾ ಅಂತಿದ್ರು. ಈಗ ಗೋಡೆ ನೋಡ್ಕೊಂಡು ಹೋಗ್ತಾರೆ.”

“ಸದ್ದು ಕಮ್ಮಿ ಮಾಡಿ ಅಂತ ಕೇಳಿದ್ದು ನಿಜಾನಾ?”

“ಒಂದ್ಸಲ. ದೊಡ್ಡಮ್ಮ ಇದ್ದಾಗ.” ದೊಡ್ಡಮ್ಮ ಅಂದರೆ ಅಕ್ಕನ ಅತ್ತೆ. ಹೋದ ವರ್ಷ ಆಸ್ಪತ್ರೆ ಸೇರಿದವರು ಮನೆಗೆ ವಾಪಸ್ ಬರಲಿಲ್ಲ. “ಅವರಿಗೆ ಕಿವಿ ಮಂದ. ಜೋರಾಗಿ ಇಟ್ಕೋತಿದ್ರು. ಆಮೇಲಾಮೇಲೆ ನಂಗೆ ಆ ಸದ್ದಿಲ್ಲದೆ ನಿದ್ದೇನೇ ಬರ್ತಿರಲಿಲ್ಲ. ಅವರು ಹೋದ ಮೇಲೆ ಮಧ್ಯಾಹ್ನ ಟಿವಿ ಸದ್ದು ಒಂದು ದಿನಾನೂ ಕೇಳಿಲ್ಲ. ಹೊಲಿಗೆ ಮಷಿನ್ನು ಅಷ್ಟೇ. ಇಲ್ಲದ ಸದ್ದು ನಿಲ್ಲಿಸೋಕೆ ನಾನ್ಯಾಕೆ ಇಷ್ಟು ಕಷ್ಟಪಡ್ಲಿ?”

ಇನ್ಸ್‌ಪೆಕ್ಟರ್ ಆ ಮಾತನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡಳು.

“ಭಾನುವಾರ ಎಲ್ಲಿರ್ತೀರಿ?”

“ಇಲ್ಲೇ. ನಮಗೆ ಯಾವ ವಾರ ಆದ್ರೂ ಒಂದೇ. ಹಗಲಾದ್ರೆ ಹಾಸಿಗೆ.”

ಹೋದ ಭಾನುವಾರ ಇದೇ ಹೊತ್ತಿಗೆ ಇನ್ಸ್‌ಪೆಕ್ಟರ್ ದಿವಾನದ ಮೇಲೆ ಮಲಗಿ, ಸದ್ದು ತೀರಾ ಸಣ್ಣಗಿಟ್ಟು, ಹಡಗುಗಳಿದ್ದ ಒಂದು ಹಳೇ ಸಿನಿಮಾ ನೋಡಿದ್ದಳು. ಅರ್ಧ ಸಿನಿಮಾ ಟಿವಿಯಲ್ಲಿ, ಉಳಿದರ್ಧ ಕನಸಲ್ಲಿ. ಸಿಗ್ನಲ್ ಒಮ್ಮೆಯೂ ಹೋಗಿರಲಿಲ್ಲ.

* * *

ಸಂಜೆ ಡಿಶ್ ರಿಪೇರಿಯವನಿಗೆ ಫೋನ್ ಮಾಡಿದಳು.

“ಈ ಕಾಲದಲ್ಲಿ ಸೂರ್ಯ ಸ್ಯಾಟಲೈಟ್ ಹಿಂದೆ ಸರಿಯಾಗಿ ಬಂದು ನಿಲ್ತಾನೆ ಮೇಡಂ. ಆಗ ಸ್ವಲ್ಪ ಹೊತ್ತು ಸಿಗ್ನಲ್ ಹೋಗುತ್ತೆ. ಅದೇ ಇರಬಹುದಾ ಅಂತ ನಾನೂ ಯೋಚಿಸಿದ್ದೆ.”

“ಭಾನುವಾರಾನೂ ಬರ್ತಾನಾ?”

“ಅವನಿಗೇನು ರಜೆ ಇಲ್ವಲ್ಲ ಮೇಡಂ.”

“ಹಾಗಾದ್ರೆ ಅವನಲ್ಲ. ನಾಳೆ ಮಧ್ಯಾಹ್ನ ಧಾರಾವಾಹಿಗೆ ಮುಂಚೆ ಬನ್ನಿ. ಹೊಸ ಬಾಕ್ಸ್ ಒಂದು ತನ್ನಿ, ಅದನ್ನೂ ಹಾಕಿ ನೋಡೋಣ.”

ಫೋನ್ ಇಟ್ಟು ರಿಮೋಟ್ ತೆಗೆದುಕೊಂಡಳು. ಇದು ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್. ಒಳಗೆ ಏನೇನಿದೆ ಎಂದು ತೆರೆದು ನೋಡಿದಳು. ಅಕ್ಕನ ಧಾರಾವಾಹಿ, ಅದರ ಕೆಳಗೆ ಅದೇ ಧಾರಾವಾಹಿ, ಅದರ ಕೆಳಗೂ ಅದೇ. ಒತ್ತಿದಷ್ಟೂ ಇಳಿಯುತ್ತಲೇ ಹೋಯಿತು. ಪ್ರತಿ ಕಂತಿನ ಪಕ್ಕ ಒಂದು ಸಣ್ಣ ನೀಲಿ ಚುಕ್ಕೆ. ಇನ್ನೂ ಯಾರೂ ನೋಡಿಲ್ಲ ಎಂದು ಅದರ ಅರ್ಥ. ಎಲ್ಲಕ್ಕಿಂತ ಹಳೆಯದು, ತಳದಲ್ಲಿ ಒಂಟಿಯಾಗಿ, ಬೇರೆಯೇ ಹೆಸರಿನದು: ‘ಉದ್ಯಾನದಲ್ಲಿ ಒಂದು ಬೆಳಗು’. ಅದಕ್ಕೆ ಮಾತ್ರ ಚುಕ್ಕೆ ಇರಲಿಲ್ಲ. ಮೇಲ್ತುದಿಯಲ್ಲಿ ಕೆಂಪು ಅಕ್ಷರದ ಎಚ್ಚರಿಕೆ: ಜಾಗ ತುಂಬಿದೆ. ಹೊಸದು ಬಂದಂತೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ.

“ಜ್ವರದ ಕಣ್ಣಿಗೆ ಟಿವಿ ಒಳ್ಳೇದಲ್ಲ.”

ಭಾವ ಹಿಂದೆ ನಿಂತಿದ್ದ. ಅವನದು ಕನ್ನಡಕದ ಅಂಗಡಿ, ಇದೇ ಮನೆಯ ಮುಂಕೋಣೆಯಲ್ಲಿ. ಅಂಗಡಿಗೂ ಹಾಲಿಗೂ ಒಂದೇ ಗೋಡೆ. ಟಿವಿ ಎಂದರೆ ಅವನಿಗೆ ಆಗುವುದಿಲ್ಲ. ಊರಿನವರ ಕಣ್ಣು ಕೆಡಿಸಿ ತನ್ನ ಅಂಗಡಿ ನಡೆಸುವ ಪೆಟ್ಟಿಗೆ ಎಂದು ತಮಾಷೆ ಮಾಡುತ್ತಾನೆ. ಅವನು ರಿಮೋಟ್ ತೆಗೆದುಕೊಂಡ, ಟಿವಿ ಆರಿಸಿದ, ಜೇಬಿನ ಬಟ್ಟೆಯಿಂದ ರಿಮೋಟನ್ನು ಒರೆಸಿ ಮೇಜಿನ ಮೇಲಿಟ್ಟು ಹೋದ.

* * *

ಮರುದಿನ ಬೆಳಿಗ್ಗೆ ಜ್ವರ ಇರಲಿಲ್ಲ, ಕಾಲಲ್ಲಿ ಮಾತ್ರ ಬಲವಿರಲಿಲ್ಲ. ಇನ್ಸ್‌ಪೆಕ್ಟರ್ ಕೇಬಲ್ಲಿನ ಬೆನ್ನು ಹತ್ತಿದಳು. ತಾರಸಿಯಿಂದ ಗೋಡೆಗುಂಟ ಇಳಿದು ಅದು ಅಂಗಡಿಯ ವೆಂಟಿಲೇಟರಿನಲ್ಲಿ ಒಳಗೆ ನುಗ್ಗಿತ್ತು. ಕನ್ನಡಕದ ಫ್ರೇಮುಗಳ ಕಪಾಟಿನ ಹಿಂದೆ ಒಂದು ಜಾಯಿಂಟ್. ಅಲ್ಲಿಂದ ಗೋಡೆ ತೂರಿ ಹಾಲಿಗೆ.

ಕಪಾಟಿನ ಹಿಂದೆಲ್ಲ ಧೂಳು, ಜೇಡರ ಬಲೆ. ಆದರೆ ಆ ಜಾಯಿಂಟ್ ಫಳಫಳ ಹೊಳೆಯುತ್ತಿತ್ತು. ಬೆರಳ ಗುರುತು ಒಂದೂ ಇಲ್ಲ.

“ಏನು ಇನ್ಸ್‌ಪೆಕ್ಟರಮ್ಮ, ಓಡಾಡೋ ಹಾಗಾದ್ಯಾ?” ಭಾವ ತಲೆ ಎತ್ತದೆ ಕೇಳಿದ. ಕೈಯಲ್ಲಿ ಯಾರದೋ ದಪ್ಪ ಗಾಜು.

“ಆದೆ ಭಾವ. ಭಾನುವಾರ ಅಂಗಡಿ ತೆಗೀತೀರಾ?”

“ಇಲ್ಲ. ಯಾಕೆ?”

“ಸುಮ್ನೆ ಕೇಳಿದೆ.”

ಅವನು ಗಾಜನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಒರೆಸಿದ. “ಮೇಲಿನವರನ್ನ ಬಿಡಿಸ್ತಾಳಂತಾ ನಿನ್ನಕ್ಕ?”

“ಇವತ್ತು ಸಂಜೆ ಹೇಳ್ತಾಳಂತೆ.”

ಭಾವ ಆಗಲೇ ಒರೆಸಿದ ಗಾಜನ್ನು ಇನ್ನೊಮ್ಮೆ ಒರೆಸತೊಡಗಿದ. ಇನ್ಸ್‌ಪೆಕ್ಟರ್‌ಗೆ ಅವನ ಮೇಲೆ ಸಿಟ್ಟು ಬಂತು. ಯಾರು ಎಂದು ಗೊತ್ತಾಗಿತ್ತು. ಯಾಕೆ ಎನ್ನುವುದೂ ಅರ್ಧ ಗೊತ್ತಾಗಿತ್ತು. ಉಳಿದರ್ಧ ಅವನ ಬಾಯಿಂದಲೇ ಬರಬೇಕು.

* * *

ಮಧ್ಯಾಹ್ನ ಹಾಲಿನಲ್ಲಿ ಎಲ್ಲರೂ ಸೇರಿದ್ದರು. ನರ್ಸ್ ಬಾಗಿಲ ಹತ್ತಿರ ಆಕಳಿಸುತ್ತ ನಿಂತಿದ್ದಳು. ಅಕ್ಕ ಅವಳತ್ತ ನೋಡುತ್ತಿರಲಿಲ್ಲ. ಅಂಗಡಿಯ ಬಾಗಿಲಲ್ಲಿ ಭಾವ. ಡಿಶ್ ರಿಪೇರಿಯವನು ಹೊಸ ಬಾಕ್ಸಿನ ಡಬ್ಬ ತೆರೆಯುತ್ತಿದ್ದ.

“ಹಳೇದು ಕಿತ್ತುಹಾಕಿ,” ಇನ್ಸ್‌ಪೆಕ್ಟರ್ ಅಂದಳು.

“ಕೀಳ್ತೀನಿ ಮೇಡಂ. ಆದ್ರೆ ಒಂದು ಮಾತು. ಇದರೊಳಗೆ ರೆಕಾರ್ಡ್ ಆಗಿರೋದೆಲ್ಲ ಇದರ ಜೊತೆಗೇ ಹೋಗುತ್ತೆ. ಹೊಸದಕ್ಕೆ ಬರಲ್ಲ.”

“ಹೋಗ್ಲಿ ಬಿಡಿ.”

ಅವನು ವೈರಿಗೆ ಕೈ ಹಾಕಿದ.

“ಬೇಡ.”

ಅಂದದ್ದು ಒಬ್ಬರಲ್ಲ, ಇಬ್ಬರು. ಭಾವನ ಧ್ವನಿ ಬರುತ್ತದೆ ಎಂದು ಇನ್ಸ್‌ಪೆಕ್ಟರ್ ಕಾದು ಕೂತಿದ್ದಳು. ಅಕ್ಕನದೂ ಜೊತೆಗೆ ಬಂತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು.

“ನಿಮಗ್ಯಾಕ್ರೀ ಬೇಡ?” ಅಕ್ಕ ಕೇಳಿದಳು. “ನೀವು ಯಾವತ್ತು ಟಿವಿ ನೋಡಿದ್ದು?”

ಭಾವ ಬಾಗಿಲಚೌಕಟ್ಟು ಹಿಡಿದುಕೊಂಡ.

“ನಾನು ಹೇಳ್ಲಾ ಭಾವ?” ಇನ್ಸ್‌ಪೆಕ್ಟರ್ ಕೇಳಿದಳು. ಉತ್ತರಕ್ಕೆ ಕಾಯದೆ ಅವಳೇ ಹೇಳಿದಳು.

“ವಾರದ ದಿನ ಮಾತ್ರ ಸಿಗ್ನಲ್ ಹೋಗುತ್ತೆ. ಭಾನುವಾರ ಹೋಗಲ್ಲ. ಸಿಸ್ಟರ್ ಭಾನುವಾರಾನೂ ಮೇಲೇ ಇರ್ತಾರೆ, ಅವರಲ್ಲ. ಮೇಲಾಗಿ ಅವರಿಗೆ ಕೇಳಿಸದ ಸದ್ದಿನ ಮೇಲೆ ಏನು ಜಗಳ? ಸೂರ್ಯ ಭಾನುವಾರಾನೂ ಹುಟ್ತಾನೆ, ಅವನೂ ಅಲ್ಲ. ಭಾನುವಾರ ರಜೆ ಇರೋದು ಎರಡಕ್ಕೆ. ಒಂದು ಧಾರಾವಾಹಿ, ಇನ್ನೊಂದು ಕನ್ನಡಕದ ಅಂಗಡಿ.”

“ಏನು ಹೇಳ್ತಿದೀಯ ನೀನು?” ಅಕ್ಕ ಅಂದಳು.

“ಕಪಾಟಿನ ಹಿಂದೆ ಜಾಯಿಂಟ್ ಇದೆ. ಸುತ್ತ ಧೂಳು, ಅದೊಂದು ಮಾತ್ರ ಹೊಳೀತಿದೆ. ಕಳ್ಳರು ಗುರುತು ಒರೆಸ್ತಾರೆ, ಸಿಕ್ಕಿಬೀಳಬಾರದು ಅಂತ. ಇಲ್ಲಿ ಒರೆಸಿದ್ದಕ್ಕೇ ಸಿಕ್ಕಿಬಿದ್ದಿದ್ದು. ಮುಟ್ಟಿದ್ದನ್ನ ಒರೆಸದೆ ಕೆಳಗಿಡೋಕೆ ಬರದೇ ಇರೋ ಕೈ ಈ ಮನೇಲಿ ಒಂದೇ. ಧಾರಾವಾಹಿ ಹೊತ್ತಿಗೆ ಜಾಯಿಂಟ್ ಸ್ವಲ್ಪ ಸಡಿಲ ಮಾಡೋದು, ಮುಗಿದ ಮೇಲೆ ಬಿಗಿ ಮಾಡಿ ಒರೆಸೋದು. ಯಾಕೆ? ಬಾಕ್ಸ್ ತುಂಬಿದೆ. ಹೊಸ ಕಂತು ಒಳಗೆ ಬಂದ್ರೆ ಎಲ್ಲಕ್ಕಿಂತ ಹಳೇದು ಅಳಿಸಿಹೋಗುತ್ತೆ. ಆ ಹಳೇದು ಭಾವನಿಗೆ ಬೇಕು. ಅದು ಏನು ಅಂತ ನಾನು ನೋಡಿಲ್ಲ. ಅದನ್ನ ಅವರೇ ತೋರಿಸಬೇಕು.”

ನರ್ಸ್ ಆಕಳಿಕೆ ನಿಲ್ಲಿಸಿದ್ದಳು. ಭಾವ ಅವಳ ಕಡೆ ತಿರುಗಿದ.

“ನಿಮ್ಮ ಮೇಲೆ ಬಂತು ಅಂತ ಗೊತ್ತಾಗಿತ್ತು. ಸಂಜೆ ಹೇಳಬೇಕು ಅಂತಿದ್ದೆ.” ಚೌಕಟ್ಟಿನಿಂದ ಕೈ ತೆಗೆದ. “ಹೇಳ್ತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ. ತಪ್ಪಾಯ್ತು.”

ರಿಮೋಟ್ ತೆಗೆದುಕೊಂಡು ಅವನು ತಳದವರೆಗೆ ಇಳಿದ. ಅದೊಂದು ಗುಂಡಿ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬಾರದು ಎನ್ನುವಷ್ಟು ಹುಷಾರಾಗಿ ಹೆಬ್ಬೆರಳು ಆಡಿಸಿದ.

ಟಿವಿಯಲ್ಲಿ ಬೆಳಗಾಯಿತು. ದೊಡ್ಡ ಮರಗಳ ಒಂದು ಉದ್ಯಾನ. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ನಡೆಯುವವರು, ಓಡುವವರು, ಸುಮ್ಮನೆ ಕೂತವರು. ವರದಿಗಾರ್ತಿಯೊಬ್ಬಳು ಮೈಕು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸುತ್ತ ಒಂದು ಬೆಂಚಿನ ಹತ್ತಿರ ಬಂದಳು. ಬೆಂಚಿನ ಮೇಲೆ ಅಕ್ಕನ ಅತ್ತೆ ಕೂತಿದ್ದರು.

ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ನೀವು ದಿನಾ ವಾಕಿಂಗ್ ಬರ್ತೀರಾ ಅಮ್ಮ?” ಕಿವಿಯ ಹತ್ತಿರ ಬಾಗಿ ಜೋರಾಗಿ ಕೇಳಿದಳು.

“ಇಲ್ಲಮ್ಮ. ಮಗ ಹೊಸ ಕನ್ನಡಕ ಮಾಡಿಕೊಟ್ಟಿದಾನೆ. ಮರದ ಎಲೆ ಬಿಡಿಬಿಡಿಯಾಗಿ ಕಾಣುತ್ತಾ ಅಂತ ನೋಡೋಕೆ ಬಂದೆ.”

“ಕಾಣುತ್ತಾ?”

ಅತ್ತೆ ಕತ್ತೆತ್ತಿ ಮೇಲೆ ನೋಡಿದರು. ನೋಡುತ್ತಲೇ ಇದ್ದರು. ವರದಿಗಾರ್ತಿಯೂ ಮರದ ಕಡೆ ನೋಡಿದಳು.

“ಕಾಣುತ್ತಮ್ಮ. ಒಂದೊಂದೂ.”

ಚಿತ್ರ ಬೇರೆ ಬೆಂಚಿಗೆ ಹೋಯಿತು. ಭಾವ ಅಲ್ಲಿಗೇ ನಿಲ್ಲಿಸಿದ.

“ಕನ್ನಡಕ ಹೇಗಿದೆ ಅಂತ ಮನೇಲಿ ಕೇಳಿದ್ರೆ ಪರವಾಗಿಲ್ಲ ಅಂತಿದ್ರು, ಅಷ್ಟೇ,” ಅಂದ. “ಟಿವೀಲಿ ಬಂದೆ ಅಂತಾನೂ ಯಾರಿಗೂ ಹೇಳಿಲ್ಲ. ತಾವೇ ರೆಕಾರ್ಡ್ ಮಾಡಿಕೊಂಡು ಸುಮ್ಮನಿದ್ರು. ಅವರು ಹೋದ ಮೇಲೆ ಒಂದು ದಿನ ಏನೇನೋ ಒತ್ತುತ್ತಾ ಕೂತಾಗ ಸಿಕ್ತು. ಇದರ ಕೆಳಗೆ ಒಂದು ಹಾಡಿನ ಕಾರ್ಯಕ್ರಮ ಇತ್ತು. ಮಾರನೇ ದಿನ ನೋಡಿದ್ರೆ ಅದು ಇಲ್ಲ. ಮುಂದಿನ ಸರದಿ ಅಮ್ಮಂದು ಅಂತ ಗೊತ್ತಾಯ್ತು.”

“ನಂಗೆ ಹೇಳಿದ್ರೆ ರೆಕಾರ್ಡಿಂಗ್ ನಿಲ್ಲಿಸ್ತಿರಲಿಲ್ವಾ?” ಅಕ್ಕ ಕೇಳಿದಳು.

“ಹೇಳಿದ್ರೆ ನೀನು ಬಂದವರಿಗೆಲ್ಲ ತೋರಿಸ್ತಿದ್ದೆ. ಎಲ್ಲರೂ ನೋಡಿ ಏನಾದ್ರೂ ಅಂತಿದ್ರು. ನಂಗೆ ಅದು ಬೇಡವಾಗಿತ್ತು. ಸಿಗ್ನಲ್ ಹೋಯ್ತು ಅಂದ್ರೆ ಆಕಾಶದ ಮೇಲೆ ಹಾಕಬಹುದು, ಯಾರಿಗೂ ನೋವಾಗಲ್ಲ ಅಂದ್ಕೊಂಡೆ.”

“ಇದಕ್ಕೆ ಇಷ್ಟೆಲ್ಲ ಯಾಕೆ ಸಾರ್,” ರಿಪೇರಿಯವನು ಮೆಲ್ಲಗೆ ರಿಮೋಟ್ ತೆಗೆದುಕೊಂಡ. “ಇಲ್ಲಿ ಒತ್ತಿದ್ರೆ ಬೀಗ ಬೀಳುತ್ತೆ. ಆಮೇಲೆ ಅದು ಅಳಿಸಿಹೋಗಲ್ಲ.” ಒತ್ತಿದ. ಆ ಹೆಸರಿನ ಪಕ್ಕ ಒಂದು ಪುಟ್ಟ ಬೀಗದ ಗುರುತು ಮೂಡಿತು. ಭಾವ ಅದನ್ನೇ ನೋಡುತ್ತ ನಿಂತ. ಇಷ್ಟು ದಿನ ಅವನು ಮೈಯೆಲ್ಲ ಕಣ್ಣಾಗಿ ಕಾದದ್ದನ್ನು ಒಂದು ಗುಂಡಿ ಕಾಯಬಹುದಿತ್ತು.

ರಿಪೇರಿಯವನು ಹೊಸ ಬಾಕ್ಸನ್ನು ಡಬ್ಬಕ್ಕೆ ಹಾಕಿಕೊಂಡು ಹೋದ. ಇಲ್ಲಿಗೆ ಕೇಸು ಮುಗಿಯಿತು ಎಂದು ಯಾವ ಇನ್ಸ್‌ಪೆಕ್ಟರಾದರೂ ಎದ್ದು ಹೋಗುತ್ತಿದ್ದರು. ಇವಳಿಗೆ ಮಾತ್ರ ಒಂದು ಮುಳ್ಳು ಉಳಿದಿತ್ತು.

“ಅಕ್ಕಾ, ನೀನ್ಯಾಕೆ ಬೇಡ ಅಂದೆ? ಅಷ್ಟೊಂದು ಕಂತು ಇದೆ. ಒಂದನ್ನೂ ನೀನು ನೋಡಿಲ್ಲ. ನೋಡದ ಧಾರಾವಾಹಿಗೆ ಮೇಲಿನವರನ್ನ ಬೀದಿಗೆ ಹಾಕೋಕೆ ಹೊರಟಿದ್ದೆ. ನೀನು ಅಂಥವಳಲ್ಲ.”

ಅಕ್ಕ ಕುರ್ಚಿಯ ಮೇಲೆ ಕೂತಳು. ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ಬಿಚ್ಚಿದಳು, ಮತ್ತೆ ಸುತ್ತಿದಳು.

“ನಾವಿಬ್ರೂ ಒಟ್ಟಿಗೇ ನೋಡ್ತಿದ್ವಿ. ಅತ್ತೆಗೆ ಸರಿಯಾಗಿ ಕೇಳಿಸ್ತಿರಲಿಲ್ಲ. ಯಾರು ಏನಂದ್ರು ಅಂತ ನಾನು ಹೇಳ್ತಾ ಹೋಗಬೇಕಿತ್ತು. ಆಸ್ಪತ್ರೆಗೆ ಹೊರಟಾಗ ಒಂದೇ ಮಾತು ಕೇಳಿದ್ದು. ನಾನು ಬರೋವರೆಗೂ ನೀನು ನೋಡಬೇಡ, ಹಿಡಿದಿಡು, ಒಟ್ಟಿಗೇ ನೋಡೋಣ ಅಂದ್ರು. ಆಯ್ತು ಅತ್ತೆ ಅಂದೆ.” ದಾರ ತುಂಡಾಯಿತು. “ನಿಲ್ಲಿಸೋಕೆ ಕೈ ಬರಲಿಲ್ಲ ಪುಟ್ಟಿ. ನಿಲ್ಲಿಸಿದ್ರೆ ಅವರು ಇನ್ನು ಬರಲ್ಲ ಅಂತ ನಾನೇ ಹೇಳಿದ ಹಾಗೆ ಆಗ್ತಿತ್ತು.”

ಅತ್ತೆಗಾಗಿ ಅಕ್ಕ ಕೂಡಿಟ್ಟ ಒಂದೊಂದು ಕಂತೂ ಅತ್ತೆಯನ್ನೇ ಆ ಪೆಟ್ಟಿಗೆಯಿಂದ ಹೊರಗೆ ತಳ್ಳುತ್ತ ಬಂದಿತ್ತು. ಇನ್ಸ್‌ಪೆಕ್ಟರ್‌ಗೆ ಇದು ಹೊಳೆದಿರಲಿಲ್ಲ. ಎಷ್ಟೋ ಮನೆಗಳ ಬೀಗ ತೆಗೆಸಿದವಳು ಅವಳು. ಅಕ್ಕನನ್ನು ನೋಡಲಾಗದೆ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಅಕ್ಕ ಎದ್ದು ನರ್ಸ್ ಹತ್ತಿರ ಹೋದಳು. ಕೈ ಹಿಡಿದುಕೊಂಡಳು. ಕ್ಷಮಿಸಿ ಎನ್ನಲು ಹೊರಟಳು. ಬಾಯಿಗೆ ಬಂದದ್ದು ಬೇರೆ.

“ಊಟ ಆಯ್ತಾ?”

“ಇಲ್ಲ.”

“ಇಲ್ಲೇ ಮಾಡಿ. ಮೊದಲು ಕೂತ್ಕೊಳ್ಳಿ.”

ಅಕ್ಕ ಟಿವಿಯ ಮುಂದೆ ಬಂದಳು. ಪಟ್ಟಿಯ ತಳದಿಂದ ಒಂದೇ ಮೆಟ್ಟಿಲು ಮೇಲೆ, ತಾನು ಹಿಡಿದಿಟ್ಟ ಧಾರಾವಾಹಿಯ ಮೊದಲ ಕಂತಿನ ಮೇಲೆ ನಿಂತಳು. ಅದು ಅತ್ತೆ ಆಸ್ಪತ್ರೆಗೆ ಹೋದ ದಿನದ್ದು. ಒತ್ತಿದಳು. ನೀಲಿ ಚುಕ್ಕೆ ಆರಿತು. ಒಂದು ದೊಡ್ಡ ಮನೆ ಕಾಣಿಸಿತು, ಅದರ ಹೊಸ್ತಿಲಲ್ಲಿ ಪೆಟ್ಟಿಗೆ ಹಿಡಿದು ನಿಂತ ಒಬ್ಬ ಹೆಂಗಸು.

ಭಾವ ಅಂಗಡಿಗೆ ಹೋಗಲಿಲ್ಲ. ಹೊರಗೆ ಯಾರೋ ಗಿರಾಕಿ ಕರೆದರೂ ಹೋಗಲಿಲ್ಲ. ಬಂದು ಅಕ್ಕನ ಪಕ್ಕ ಕೂತ.

“ಇವಳು ಯಾರು?”

“ದೊಡ್ಡ ಸೊಸೆ. ಮನೆ ಬಿಟ್ಟು ಹೊರಟಿದಾಳೆ. ಹೋಗ್ತಾಳೋ ಇಲ್ವೋ ಅಂತ ಅತ್ತೆಗೆ ಒಂದೇ ಯೋಚನೆ ಆಗಿತ್ತು. ಕಾರಲ್ಲಿ ಕೂತ ಮೇಲೂ ಅದನ್ನೇ ಕೇಳಿದ್ರು.”

“ಹೋದಳಾ?”

“ನಂಗೂ ಗೊತ್ತಿಲ್ಲ,” ಅಕ್ಕ ಅಂದಳು. “ಮಾತಾಡದೆ ನೋಡಿ.”